ಕೆಂಪು ಸಾಲು, ಹಸಿರು ಸಾಲು, ನಮ್ಮ ಬೋರ್‌ವೆಲ್ ಮೋಟರ್

ಈ ಸಲ ಅರ್ಧ ತೋಟದ ವಿಷಯ, ಅರ್ಧ ಕಂಪ್ಯೂಟರ್ ವಿಷಯ. ಸ್ವಲ್ಪ ಉದ್ದ ಇದೆ, ಆದ್ರೂ ಪೂರ್ತಿ ಓದಿ. ಮೋಟರ್ ಇರೋರಿಗೆಲ್ಲ ಸಂಬಂಧಪಟ್ಟಿದ್ದು.

ನನ್ನ ಮಗಳು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ನಮ್ಮ 7.5 ಎಚ್‌ಪಿ ಮೋಟರಿಗೆ ಅವಳೇ ಒಂದು ಕಂಟ್ರೋಲರ್ ಮಾಡಿಕೊಟ್ಟಿದ್ದಾಳೆ. ಮೋಟರ್ ಎಷ್ಟು ಆಂಪ್ ತಗೊಳ್ತಿದೆ ಅಂತ ಅದು ನೋಡ್ತಾ ಇರುತ್ತೆ. ನೀರು ಎತ್ತುವಾಗ 14ರ ಆಸುಪಾಸು. ನೀರು ಇಳಿದು ಪಂಪು ಗಾಳಿ ಎಳೆಯೋಕೆ ಶುರುವಾದ್ರೆ 8-9ಕ್ಕೆ ಬೀಳುತ್ತೆ. 30 ಸೆಕೆಂಡ್ ಹಾಗೇ ಇದ್ರೆ ಮೋಟರ್ ಆಫ್.

ಏಪ್ರಿಲ್ ಕೊನೇಲಿ ಅದು ದಿನಕ್ಕೆ ಮೂರು ನಾಲ್ಕು ಸಲ ಆಫ್ ಆಗೋಕೆ ಶುರುವಾಯ್ತು. ಅಡಿಕೆ ಗಿಡ ಬಾಡ್ತಿದೆ, ತ್ರೀ ಫೇಸ್ ಇರೋದೇ ಸ್ವಲ್ಪ ಹೊತ್ತು, ಆಗಲೇ ಇದು ನಿಂತುಬಿಡೋದು. ಸಿಟ್ಟಲ್ಲಿ ಫೋನ್ ಮಾಡಿ, "ನಿನ್ನ ಮಿಷಿನ್ ಕೆಟ್ಟಿದೆ ಪುಟ್ಟಿ, ಸುಮ್‌ಸುಮ್ನೆ ನಿಲ್ಲಿಸ್ತಿದೆ, ಸರಿ ಮಾಡು" ಅಂದೆ.

ಶನಿವಾರ ಊರಿಗೆ ಬಂದ್ಲು. ರಾತ್ರಿ ಊಟ ಆದ್ಮೇಲೆ ಜಗಲಿ ಮೇಲೆ ಲ್ಯಾಪ್‌ಟಾಪ್ ತೆಗೆದ್ಲು. ಕಪ್ಪು ಪರದೆ, ಬರೀ ಅಕ್ಷರ. ಟರ್ಮಿನಲ್ ಅಂತಾರಂತೆ. ಪರದೇನ ಎರಡು ಭಾಗ ಮಾಡಿ ಎರಡು ಎಐ ಏಜೆಂಟ್ ಕೂರಿಸಿದ್ಲು. ಒಂದು ಪ್ರೋಗ್ರಾಂ ತಿದ್ದೋದು, ಇನ್ನೊಂದು ತಿದ್ದಿದ್ದನ್ನ ಪರೀಕ್ಷೆ ಮಾಡೋದು. ನಾನು ಹೇಳಿದ ಮಾತನ್ನೇ ಇಂಗ್ಲಿಷಲ್ಲಿ ಬರೆದ್ಲು: ಮೋಟರ್ ಸುಮ್ಮನೆ ನಿಲ್ತಿದೆ, ಸರಿ ಮಾಡು. ನಾನು ಎಲೆ ಅಡಿಕೆ ಹಾಕಿ ಮುಗಿಸೋದ್ರೊಳಗೆ ಕೆಲಸ ಆಗಿಹೋಗಿತ್ತು!

"ಆಯ್ತಲ್ಲ, ಹಾಕಿಬಿಡು" ಅಂದೆ.

"ಇರಪ್ಪ, ನೋಡದೆ ಹಾಕಲ್ಲ" ಅಂದ್ಲು.

ಆಮೇಲೆ ಗಿಟ್ ಅನ್ನೋದ್ರಲ್ಲಿ ಏನೇನು ಬದಲಾಗಿದೆ ಅಂತ ತೋರಿಸಿದ್ಲು. ಲಿನಸ್ ಟೊರ್ವಾಲ್ಡ್ಸ್ ಅನ್ನೋರು 2005ರಲ್ಲಿ ಮಾಡಿದ್ದಂತೆ. ತೆಗೆದ ಸಾಲು ಕೆಂಪು, ಮುಂದೆ ಮೈನಸ್ ಗುರುತು. ಸೇರಿಸಿದ ಸಾಲು ಹಸಿರು, ಮುಂದೆ ಪ್ಲಸ್. ಒಂದೊಂದು ತುಂಡು ತೋರಿಸಿ ಬೇಕಾ ಬೇಡ್ವಾ ಅಂತ ಕೇಳುತ್ತೆ. ಬೇಕು ಅಂದ್ರೆ ವೈ, ಬೇಡ ಅಂದ್ರೆ ಎನ್ ಒತ್ತಬೇಕು. ಕ್ರಯಪತ್ರಕ್ಕೆ ಸಹಿ ಹಾಕೋ ಮುಂಚೆ ಚೆಕ್ಕುಬಂದಿ ಓದ್ತೀವಲ್ಲ, ಹಾಗೆ.

ನಂದು ಎಸ್‌ಎಸ್‌ಎಲ್‌ಸಿ ಇಂಗ್ಲಿಷ್. ಆದ್ರೂ ಪಕ್ಕದಲ್ಲಿ ಕೂತು ನೋಡ್ತಿದ್ದೆ. ಅವಳು ವೈ, ವೈ ಅಂತ ಒತ್ಕೊಂಡು ಹೋಗ್ತಿದ್ಲು. ಒಂದು ಕಡೆ ಕೆಂಪಲ್ಲಿ 30, ಅದರ ಕೆಳಗೆ ಹಸಿರಲ್ಲಿ 900 ಕಾಣಿಸ್ತು.

"ಏನಮ್ಮ ಅದು 900?"

"ಡ್ರೈ ರನ್ ಕಾಯೋ ಟೈಮ್ ಅಪ್ಪ. ಸೆಕೆಂಡ್ ಲೆಕ್ಕ."

"ಅಂದ್ರೆ ಹದಿನೈದು ನಿಮಿಷ. ಅಷ್ಟು ಹೊತ್ತು ನೀರಿಲ್ಲದೆ ಓಡಿದ್ರೆ ಮೋಟರ್ ಉಳಿಯುತ್ತಾ? ಅದಕ್ಕೆ ತಂಪು ಮಾಡೋದೇ ಮೈಮೇಲೆ ಹರಿಯೋ ನೀರು."

ಅವಳ ಕೈ ನಿಂತುಬಿಡ್ತು. ಟೆಸ್ಟ್ ಎಲ್ಲಾ ಪಾಸ್ ಆಗಿತ್ತು, ಎರಡನೇ ಏಜೆಂಟೂ ಸರಿ ಅಂದಿತ್ತು. ಸ್ವಲ್ಪ ಹೊತ್ತು ಬಿಟ್ಟು ನನ್ನ ಮುಖ ನೋಡಿ ಕೇಳಿದ್ಲು: "ಅಪ್ಪ, ಅದು ನಿಲ್ಲೋ ಹೊತ್ತಲ್ಲಿ ಪೈಪಲ್ಲಿ ಗಾಳಿ ಬರ್ತಿತ್ತಾ?"

ಏನು ಹೇಳಲಿ? ಬರ್ತಿತ್ತು. ಒಂದು ವಾರದಿಂದ ನೋಡಿದ್ದೆ. ಪೈಪು ಬುಸ್ ಬುಸ್ ಅಂತ ಉಗುಳಿ ಆಮೇಲೆ ಮೋಟರ್ ನಿಲ್ತಿತ್ತು. ಬೋರ್ ಬತ್ತುತ್ತಿದೆ ಅಂತ ಒಪ್ಪಿಕೊಳ್ಳೋಕೆ ಮನಸ್ಸಿರಲಿಲ್ಲ. ಮಿಷಿನ್ ಕೆಟ್ಟಿದೆ ಅನ್ನೋದು ಸುಲಭ, ಮಗಳನ್ನ ಬಯ್ದ್ರೆ ಮುಗೀತು. ಮಿಷಿನ್ ಸರಿಯಾಗೇ ಇತ್ತು, ಮೋಟರ್ ಉಳಿಸ್ತಿತ್ತು. ನಾನು ಸುಳ್ಳು ಹೇಳಿದೆ, ಅವಳು ಅದನ್ನೇ ಬರೆದ್ಲು, ಏಜೆಂಟ್ ಅದಕ್ಕೆ ತಕ್ಕ ಹಾಗೆ ಮಾಡ್ತು. ಬೈಯೋದಾದ್ರೆ ಮೊದಲು ನನ್ನನ್ನೇ ಬೈಬೇಕು.

ಅವಳು ಎನ್ ಒತ್ತಿದ್ಲು. 900 ಹೋಯ್ತು, 30 ಉಳೀತು. ಆಮೇಲೆ ನಿಜ ವಿಷಯ ಹೇಳಿ ಬೇರೆ ಮಾಡಿಸಿದ್ಲು: ಗಾಳಿ ಎಳೆದು ನಿಂತ್ರೆ ಒಂದೂವರೆ ಗಂಟೆ ಬೋರಿಗೆ ವಿಶ್ರಾಂತಿ, ಆಮೇಲೆ ತಾನೇ ಆನ್ ಆಗಬೇಕು, ನಿಂತ ಕಾರಣ ನನ್ನ ಮೊಬೈಲಿಗೆ ಬರಬೇಕು. ಈ ಸಲ ಪ್ರತಿ ಸಾಲನ್ನೂ ನನಗೆ ಕನ್ನಡದಲ್ಲಿ ಓದಿ ಹೇಳಿಯೇ ವೈ ಒತ್ತಿದ್ದು. ಮಲಗೋವಾಗ ಹನ್ನೊಂದೂವರೆ.

ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ ಅಂತ ನಮ್ಮಪ್ಪ ಹೇಳ್ತಿದ್ರು. ಈ ಆಳಿಗೆ ಕೆಲಸ ಚೆನ್ನಾಗೇ ಗೊತ್ತು, ನಮ್ಮ ಬೋರ್ ಮಾತ್ರ ಗೊತ್ತಿಲ್ಲ. ಅದನ್ನ ಹೇಳಬೇಕಾದವನು ನಾನು.

ಈಗ ತೋಟಕ್ಕೆ ಎರಡು ಪಾಳಿ ಮಾಡಿ ನೀರು ಬಿಡ್ತಿದ್ದೀನಿ. ಕೆಳಗಿನ ಸಾಲಿನ ಒಂದಷ್ಟು ಗಿಡ ಹೋಗಬಹುದು, ಮಳೆ ಮೇಲಿದೆ. ಮೋಟರ್ ಉಳೀತು.

ನಿಮ್ಮಲ್ಲೂ ತುಂಬಾ ಜನ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೀರಿ. ಡ್ರೈ ರನ್ ಎಷ್ಟು ಸೆಕೆಂಡಿಗೆ ಇಟ್ಟಿದ್ದಾರೆ ಅಂತ ಇವತ್ತೇ ನೋಡ್ಕೊಳ್ಳಿ. ಪದೇ ಪದೇ ನಿಲ್ತಿದ್ರೆ ಮೆಕ್ಯಾನಿಕ್‌ಗೆ ಫೋನ್ ಮಾಡೋಕೆ ಮುಂಚೆ ಪೈಪ್ ಬಾಯಿ ಹತ್ರ ಹೋಗಿ ಹತ್ತು ನಿಮಿಷ ನಿಂತು ನೋಡಿ. ನಿಮ್ಮ ಬೋರ್ ಹೇಗಿದೆ ಅಂತ ಕೆಳಗೆ ಬರೀರಿ.