ಕಟ್ಟಿದ ನಾಯಿ, 50 ರೂಪಾಯಿ ದಂಡ

ಕಾಶಿಯಲ್ಲಿ ನಾಯಿ ಕಾಲಭೈರವನ ವಾಹನ. ಅವನ ಗುಡಿಯ ಸುತ್ತಲಿನ ಗಲ್ಲಿಗಳಲ್ಲಿ ಬೀದಿನಾಯಿಗಳು ಹಾಯಾಗಿ ಬಿದ್ದುಕೊಂಡಿರುತ್ತವೆ. ಸಾಕಿದ ನಾಯಿಗೆ ಮಾತ್ರ ಎಷ್ಟೋ ಮನೆಗಳಲ್ಲಿ ಗೇಟಿನ ಪಕ್ಕದ ಗಿಡ್ಡ ಸರಪಳಿಯೇ ಗತಿ.

ಇದಕ್ಕೆ ಅನ್ವಯಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ. ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಪ್ರಾಣಿಯನ್ನು ಹೊತ್ತುಗಟ್ಟಲೆ ಕಟ್ಟುವುದು ಅದರ 11ನೇ ಸೆಕ್ಷನ್ ಪ್ರಕಾರ ಅಪರಾಧ. ಸದಾ ಕಟ್ಟಿರುವ ನಾಯಿಯನ್ನು ಮಾಲೀಕರು ಅಡ್ಡಾಡಿಸದೆ ಬಿಡುವುದೂ ಅಪರಾಧವೇ. ಆದರೆ ಎಷ್ಟು ಅಡಿ, ಎಷ್ಟು ಗಂಟೆ ಎಂಬ ಲೆಕ್ಕವನ್ನು ಆ ಸೆಕ್ಷನ್ ಹೇಳುವುದಿಲ್ಲ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. 3 ವರ್ಷದೊಳಗೆ ಮರುಕಳಿಸಿದರೆ 25ರಿಂದ 100 ರೂಪಾಯಿ, ಇಲ್ಲವೇ 3 ತಿಂಗಳವರೆಗೆ ಜೈಲು, ಅಥವಾ ಎರಡೂ.

ಮೇ ತಿಂಗಳಲ್ಲಿ ‘ಲೂ’ ಬಿಸಿಗಾಳಿ ಬೀಸುವಾಗ ಕಟ್ಟಿದ ನಾಯಿ ನೆರಳಿಗೂ ಸರಿಯಲಾರದು. ಪರ್ಯಾಯಗಳೇನೂ ದುಬಾರಿಯಲ್ಲ: ಗೇಟು ಭದ್ರಮಾಡಿ ಕಾಂಪೌಂಡಿನೊಳಗೆ ಬಿಡುವುದು; ಅದಾಗದಿದ್ದರೆ ಎರಡು ಕಂಬಗಳ ನಡುವೆ ತಂತಿ ಎಳೆದು, ಅದರ ಮೇಲೆ ಜಾರುವ ಬಳೆಗೆ ಹಗುರ ಹಗ್ಗ ಕಟ್ಟುವುದು; ಕೊರಳಪಟ್ಟಿಯ ಬದಲು ಎದೆಪಟ್ಟಿ ಹಾಕುವುದು; ನಾಯಿಗೆ ಎಟಕುವಲ್ಲಿ ನೀರು, ನೆರಳು; ಉರಿಬಿಸಿಲಿನ ಹೊತ್ತಿನಲ್ಲಿ ಮನೆಯೊಳಗೆ ಜಾಗ; ಬೆಳಗ್ಗೆ, ಸಂಜೆ ಒಂದೊಂದು ಸುತ್ತು ವಾಕಿಂಗ್.

ದಂಡದ ಮೊತ್ತ ಹೆಚ್ಚಿದರೆ ಸರಪಳಿ ಉದ್ದವಾದೀತೇ? ಬಲ್ಲವರು ಹೇಳಬೇಕು.