ಮಲ್ಪೆಯಲ್ಲಿ ಕಡಲಿನ ರಜೆ

ಉಡುಪಿಯ ರಥಬೀದಿಯಲ್ಲಿ ಕನಕನ ಕಿಂಡಿಯಿಂದ ಕೃಷ್ಣದರ್ಶನ ಪಡೆದು, ಮಠದಲ್ಲಿ ಊಟವನ್ನೂ ಮುಗಿಸಿದ ಸಂಸಾರಕ್ಕೆ ಸಂಜೆ ಕಳೆಯಲು ಮೊದಲು ನೆನಪಾಗುವ ಊರು ಮಲ್ಪೆ. ಪಶ್ಚಿಮಕ್ಕೆ ಸುಮಾರು 6 ಕಿಲೋಮೀಟರು. ಬಸ್ಸಿನಲ್ಲಿ ಕಣ್ಣುಮುಚ್ಚಿ ಕುಳಿತವನಿಗೂ ಊರು ಬಂದುದು ತಿಳಿಯುತ್ತದೆ. ಒಣಮೀನು, ಡೀಸೆಲು, ಉಪ್ಪುನೀರು ಮೂರೂ ಬೆರೆತ ಗಾಳಿ ಎದುರುಗೊಳ್ಳುವುದು. ಘಟ್ಟದ ಮೇಲಿನಿಂದ ಬಂದ ಗೃಹಿಣಿ ಸೆರಗನ್ನು ಮೂಗಿಗೆ ಹಿಡಿದರೆ ಮಲ್ಪೆಯವರು ಬೇಸರಪಡುವುದಿಲ್ಲ. ತಮ್ಮ ಮಕ್ಕಳ ಶಾಲೆಯ ಶುಲ್ಕ ಹುಟ್ಟುವುದೇ ಆ ವಾಸನೆಯಿಂದ ಎಂಬುದು ಅವರಿಗೆ ಗೊತ್ತು.

ಯಾತ್ರಿಕರ ಮಲ್ಪೆ ಸುಲಭವಾದುದು. ಉದ್ದನೆಯ ಮರಳದಂಡೆ, ಚುರುಮುರಿಯ ಗಾಡಿಗಳು, ಅಲೆಗೆ ಓಡಿ ಅಲೆಯಿಂದ ಓಡಿಬರುವ ಮಕ್ಕಳು. 2016ರಲ್ಲಿ ಈ ದಂಡೆಗೆ ಉಚಿತ ವೈ-ಫೈ ಕೂಡ ಬಂದಿತು. ಕಡಲನ್ನು ನೋಡಲೆಂದು ಬಂದವರು ಕೈಯೊಳಗಿನ ಫೋನನ್ನೇ ನೋಡುವಂತಾದುದು ಕಾಲಮಹಿಮೆ. ದೋಣಿಯೇರಿದರೆ ಸೇಂಟ್ ಮೇರಿಸ್ ದ್ವೀಪ. ಸ್ಥಳೀಯರ ಬಾಯಲ್ಲಿ ಅದು ತೋನ್ಸೆಪಾರು. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ಇಳಿದನೆಂಬ ಪ್ರತೀತಿಯಿದೆ. ಆದರೆ ಗಾಮನಿಗಿಂತ ಹಿರಿಯ ಸಂಗತಿ ಅಲ್ಲಿನ ಕಲ್ಲುಕಂಬಗಳು. ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಎಂಟು ಕೋಟಿ ವರ್ಷಗಳಿಗೂ ಹಿಂದೆ, ಉಕ್ಕಿಬಂದ ಲಾವಾರಸವು ತಣಿಯುತ್ತ ಬಿರಿದು ಹೀಗೆ ಕೋನಾಕೃತಿಯ ಕಂಬಗಳಾಯಿತೆಂದು ಭೂವಿಜ್ಞಾನಿಗಳ ಮತ. 1979ರಲ್ಲಿ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಲಾಯಿತು.

ಇದೆಲ್ಲವೂ ನೋಡತಕ್ಕದ್ದೇ. ಆದರೆ ಕೊಳ, ವಡಭಾಂಡೇಶ್ವರ, ಪಡುಕೆರೆಗಳ ಮೀನುಗಾರರ ಮನೆಯವರು ಹೊತ್ತು ಕಳೆಯಲೆಂದು ಕಡಲ ಬಳಿಗೆ ಹೋಗುವುದು ಅಪರೂಪ. ಗುಮಾಸ್ತನ ಮಗ ಭಾನುವಾರ ತಂದೆಯ ಕಚೇರಿಯನ್ನು ನೋಡಲು ಹೋಗುವುದುಂಟೆ? ಇಲ್ಲಿಯ ಮಕ್ಕಳಿಗೆ ಕಡಲು ತಂದೆಯ ಕಚೇರಿ. ಅದೂ ಸಂಜೆ ಐದಕ್ಕೆ ಬಿಡುವ ಕಚೇರಿಯಲ್ಲ. ಆಳಸಮುದ್ರದ ಟ್ರಾಲ್ ದೋಣಿ ಅಕ್ಕಿ, ನೀರು, ಡೀಸೆಲು, ಮಂಜುಗಡ್ಡೆ ತುಂಬಿಕೊಂಡು ಬಂದರು ಬಿಟ್ಟಿತೆಂದರೆ ಎಂಟು ಹತ್ತು ದಿನ ತಾಂಡೇಲನೂ ಅವನ ಜೊತೆಗಾರರೂ ನೆಲ ಕಾಣುವುದಿಲ್ಲ. ಮರಳಿ ಬಂದರೂ ಮೀನು ಇಳಿಸಿ, ಲೆಕ್ಕ ಮುಗಿಸಿ, ಒಂದೆರಡು ದಿನ ಮನೆಯ ಊಟ ಉಂಡು ಮತ್ತೆ ಹೊರಡಬೇಕು.

ತುಳುವಿನಲ್ಲಿ 'ಅಪ್ಪೆ' ಎಂದರೆ ತಾಯಿ, 'ಅಮ್ಮೆ' ಎಂದರೆ ತಂದೆ. ಘಟ್ಟದ ಮೇಲಿನವರಿಗೆ ಇದು ತಲೆಕೆಳಗಾಗಿ ತೋರುತ್ತದೆ. ಅಳಿಯಸಂತಾನದ ಈ ನಾಡಿನಲ್ಲಿ, ಅದರಲ್ಲೂ ಮೊಗವೀರರ ಮನೆಗಳಲ್ಲಿ, ವರ್ಷದ ಹತ್ತು ತಿಂಗಳು ಮನೆಯ ಚುಕ್ಕಾಣಿ ಅಪ್ಪೆಯದೇ. ಬೆಳಕು ಹರಿಯುವ ಮೊದಲೇ ಆಕೆ ಬಂದರಿನ ಏಲಂ ಕಟ್ಟೆಯಲ್ಲಿರುತ್ತಾಳೆ. ಬಂಗುಡೆಯ ಬುಟ್ಟಿಗೆ ದರ ಕೂಗಿ ಕೊಂಡು, ಪೇಟೆಯಲ್ಲಿ ಕುಳಿತು ಮಾರಿ, ಮಧ್ಯಾಹ್ನ ಮನೆಗೆ ಬರುವಾಗ ನಾಲ್ಕು ಮೀನು ಉಳಿದಿದ್ದರೆ ಅವು ಪಕ್ಕದ ಮನೆಗೆ, 'ಪದಾರ್ಥಕ್ಕೆ' ಎಂದು. ಮೇಲೋಗರಕ್ಕೆ ಆ ನಾಡಿನಲ್ಲಿ ಪದಾರ್ಥವೆಂದೇ ಹೆಸರು.

ದಂಡೆಯಲ್ಲಿ ನೆರೆಹೊರೆಯೆಲ್ಲ ಒಂದುಗೂಡುವ ಸಂದರ್ಭವೊಂದಿದೆ. ಅದು ಕೈರಂಪಣಿ. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡೂ ತುದಿಯ ಹಗ್ಗಗಳನ್ನು ದಡದಿಂದ ಎಳೆಯುವರು. ಹಿಂದೆ ರಂಪಣಿಯೆಂಬ ಮಹಾಬಲೆಯನ್ನು ಎಳೆಯಲು ಊರಿಗೆ ಊರೇ ಬರಬೇಕಾಗಿತ್ತು, ಬಂದವರಿಗೆಲ್ಲ ಪಾಲು ಸಿಗುತ್ತಿತ್ತು. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದು ಆ ಬಲೆಯನ್ನು ಮೂಲೆಗೆ ಸೇರಿಸಿದವು. ಈಗ ಉಳಿದಿರುವುದು ಅದರ ಚಿಕ್ಕ ತಂಗಿ. ಮೀನು ಹೆಚ್ಚಾಯಿತೋ ಇಲ್ಲವೋ, ಹಗ್ಗ ಹಿಡಿದವರ ಮಾತು ಮಾತ್ರ ಕಡಿಮೆಯಾಗಿಲ್ಲ.

ಜೂನ್ 1 ಬಂತೆಂದರೆ ಎಲ್ಲವೂ ಬದಲಾಗುವುದು. ಅಂದಿನಿಂದ ಜುಲೈ 31ರ ತನಕ, 61 ದಿನ, ಯಂತ್ರದ ದೋಣಿಗಳಿಗೆ ಕಡಲು ನಿಷಿದ್ಧ. ಮೀನು ಮೊಟ್ಟೆಯಿಡುವ ಕಾಲವದು. ಮಳೆಗಾಲದ ಕಡಲೂ ಮನುಷ್ಯನನ್ನು ಬಾ ಎನ್ನುವುದಿಲ್ಲ. ಬಂದರಿನಲ್ಲಿ ದೋಣಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಪರವೂರಿನ ಕೆಲಸಗಾರರು ತಮ್ಮ ತಮ್ಮ ಊರಿನ ದಾರಿ ಹಿಡಿಯುತ್ತಾರೆ. ಮನೆಯ ಜಗಲಿಯಲ್ಲಿ ಬಲೆ ಹರಡಿಕೊಂಡು ಅಮ್ಮೆ ಕುಳಿತಿದ್ದಾನೆ! ಎರಡು ವರ್ಷದ ಕೂಸು ಮೊದಲ ದಿನ ಅವನನ್ನು ಕಂಡು ಅಪ್ಪೆಯ ಸೆರಗಿನ ಹಿಂದೆ ಅಡಗುವುದೂ ಉಂಟು. ವಾರ ಕಳೆಯುವುದರೊಳಗೆ ಬಲೆಯ ದಾರವನ್ನು ಎಳೆದು ಗಂಟು ಹಾಕಿ ಬೈಸಿಕೊಳ್ಳುವಷ್ಟು ಸಲಿಗೆ.

ಮನೆಯವರೆಲ್ಲ ಒಟ್ಟಾಗಿ ಹೊರಡುವ ಕಾಲ ಇದೇ. ಉಡುಪಿಗೆ ಹೋಗಿ ಶಾಲೆಯ ಪುಸ್ತಕ, ಕೊಡೆ. ಬಿಡುವಾದರೆ ಕೊಲ್ಲೂರು, ಧರ್ಮಸ್ಥಳ. ಅಪ್ಪೆಯ ತವರಿನಲ್ಲಿ ಎರಡು ರಾತ್ರಿ. ಕೊಡೆ ಕೊಳ್ಳಲು ಆರು ಕಿಲೋಮೀಟರು ಹೋಗುವುದೂ ಒಂದು ಪ್ರವಾಸವೆ ಎಂದು ನಗುವವರು, ತಂದೆಯ ಕೈಹಿಡಿದು ಅಂಗಡಿಯ ಮುಂದೆ ನಿಂತ ಆ ಹುಡುಗಿಯ ಮುಖವನ್ನೊಮ್ಮೆ ನೋಡಬೇಕು. ಆಟಿಯ ತಿಂಗಳಿನಲ್ಲಿ ಪತ್ರೊಡೆ, ಹಲಸಿನ ಬೀಜದೊಡನೆ ಒಣಮೀನಿನ ಪದಾರ್ಥ. ಆಟಿ ಅಮಾವಾಸ್ಯೆಯ ಬೆಳಗ್ಗೆ ಪಾಲೆಮರದ ತೊಗಟೆಯ ಕಹಿ ಕಷಾಯ. ಎಲ್ಲರಿಗಿಂತ ಹೆಚ್ಚು ಮುಖ ಹಿಂಡುವವನು ಬಿರುಗಾಳಿಗೆ ಅಂಜದ ತಾಂಡೇಲನೇ.

ಹಾಗೆಂದು ಇದು ಬರಿಯ ಸುಖದ ಕಾಲವಲ್ಲ. ಸಂಪಾದನೆ ನಿಂತಿರುತ್ತದೆ. ಅಂಗಡಿಯ ಕಡದ ಪುಸ್ತಕ ಉದ್ದವಾಗುವುದು, ಬಳೆಗಳು ಸಹಕಾರ ಸಂಘದ ಪೆಟ್ಟಿಗೆ ಸೇರುವುದು. ಅಪ್ಪೆಯ ಲೆಕ್ಕಾಚಾರ ಆಗಸ್ಟಿನ ಮೊದಲ ಮೀನಿನವರೆಗೆ ಹಿಗ್ಗಬೇಕು.

2018ರ ಡಿಸೆಂಬರ್ 13ರಂದು 'ಸುವರ್ಣ ತ್ರಿಭುಜ' ಎಂಬ ದೋಣಿ ಏಳು ಜನರನ್ನು ಹೊತ್ತು ಈ ಬಂದರಿನಿಂದ ಹೊರಟಿತು. ಇಬ್ಬರು ಮಲ್ಪೆಯ ಕಡೆಯವರು, ಐವರು ಉತ್ತರ ಕನ್ನಡದವರು. ಎರಡು ದಿನಗಳ ಬಳಿಕ ಸಂಪರ್ಕ ಕಡಿಯಿತು. ಜನವರಿಯಲ್ಲಿ ಮೀನುಗಾರರು ಸಾವಿರಗಟ್ಟಲೆ ಹೆದ್ದಾರಿಗಿಳಿದು, ನಮ್ಮವರನ್ನು ಹುಡುಕಿಕೊಡಿ ಎಂದು ಕೇಳಿದರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಆಚೆ, ಕಡಲ ತಳದಲ್ಲಿ, ನೌಕಾಪಡೆಯವರಿಗೆ ದೋಣಿಯ ಅವಶೇಷ ದೊರೆಯಿತು. ಮನುಷ್ಯರು ದೊರೆಯಲಿಲ್ಲ. ಸಾವಾದ ಮನೆಗೆ ಹೋಗುವ ಕ್ರಮ ಎಲ್ಲರಿಗೂ ಗೊತ್ತು. ಕಾಯುತ್ತಿರುವ ಮನೆಗೆ ನೆರೆಯವರು ಯಾವ ಮಾತು ಹೊತ್ತು ಹೋಗಬೇಕು? ಅಂಥ ನಾಲ್ಕೂವರೆ ತಿಂಗಳುಗಳನ್ನು ಈ ಊರು ಕಳೆದಿದೆ. ಮಳೆಯ ರಾತ್ರಿಯಲ್ಲಿ ಎಲ್ಲರ ಚಾಪೆಗಳೂ ಒಂದೇ ಕೋಣೆಯಲ್ಲಿ ಹಾಸಿರುವುದನ್ನು ಕಂಡು ಅಪ್ಪೆಗೆ ಆಗುವ ಸಮಾಧಾನವನ್ನು ಕಡದ ಪುಸ್ತಕದ ಪಕ್ಕದಲ್ಲಿಟ್ಟು ತೂಗಲಾಗದು.

ಹೊಸ ಋತುವಿನ ಹೊಸ್ತಿಲಲ್ಲಿ ವಡಭಾಂಡೇಶ್ವರದ ದಂಡೆಯಲ್ಲಿ ಸಮುದ್ರಪೂಜೆ. ಬಿರುಗಾಳಿಗೆ ಸಿಕ್ಕಿದ ಹಡಗನ್ನು ಮಧ್ವಾಚಾರ್ಯರು ದಡ ಸೇರಿಸಿ, ಅದರಲ್ಲಿದ್ದ ಗೋಪೀಚಂದನದ ಹೆಂಟೆಗಳಿಂದ ದೊರೆತ ಬಲರಾಮನನ್ನು ಇಲ್ಲಿಯೂ ಕೃಷ್ಣನನ್ನು ಉಡುಪಿಯಲ್ಲಿಯೂ ಪ್ರತಿಷ್ಠಿಸಿದರೆಂದು ಐತಿಹ್ಯ. ಬಲರಾಮನಿಗೂ ಬೊಬ್ಬರ್ಯನಿಗೂ ಪ್ರಾರ್ಥನೆ ಸಲ್ಲಿಸಿದ ಜನ ಭಜನೆಯೊಡನೆ ಬಂದು ಕಡಲಿಗೆ ಹಾಲೆರೆದು, ಹೂವು ತೆಂಗಿನಕಾಯಿ ಒಪ್ಪಿಸುವರು. ಹೆಂಗಸರು ಕೈಮುಗಿದು ನಿಲ್ಲುವ ಹೊತ್ತು ಉಳಿದವರಿಗಿಂತ ಸ್ವಲ್ಪ ಹೆಚ್ಚು.

ಆಮೇಲೆ ಒಂದು ಬೆಳಗ್ಗೆ ಎಂಜಿನುಗಳು ಗುಡುಗತೊಡಗುತ್ತವೆ. ದೋಣಿಗಳು ಒಂದರ ಹಿಂದೊಂದು ಅಳಿವೆಯನ್ನು ದಾಟಿ ಚುಕ್ಕೆಗಳಾಗುತ್ತವೆ. ಅದೇ ಹೊತ್ತಿಗೆ ಉಡುಪಿಯ ಬಸ್ಸಿನಿಂದ ಸಂಸಾರವೊಂದು ಇಳಿದು, ದ್ವೀಪಕ್ಕೆ ದೋಣಿ ಇದೆಯೇ ಎಂದು ವಿಚಾರಿಸುತ್ತದೆ. ಬುಟ್ಟಿ ಹಿಡಿದು ಬಂದರಿನತ್ತ ನಡೆದಿದ್ದ ಹೆಂಗಸು ನಿಂತು ಉತ್ತರ ಹೇಳುತ್ತಾಳೆ: "ಈಗ ಇಲ್ಲ ಅಮ್ಮಾ, ಕಡಲು ಇನ್ನೂ ಜೋರಿದೆ. ಮಳೆ ಕಳೆದ ಮೇಲೆ ಬನ್ನಿ."