ಬಾಗಿಲು ಕಾಯುವ ಜೀವ

ಕಳೆದ ಶ್ರಾವಣದಲ್ಲಿ ಇರಕಲ್ಲಗಡದ ಭಕ್ತರೊಬ್ಬರ ಮನೆಯಲ್ಲಿ ಪೂಜೆ, ಪ್ರಸಾದಗಳು ಮುಗಿದು ಪಡಸಾಲೆಯಲ್ಲಿ ಕುಳಿತಿದ್ದೆವು. ಮಾತು ಮಳೆ-ಬೆಳೆಗಳಿಂದ ದನಕರುಗಳ ಕಡೆಗೆ ಹೊರಳಿತು. ಕುರಿ ಕಾಯುವ ಹಿರಿಯರೊಬ್ಬರು, "ಎತ್ತಿಗಾದ್ರ ರೊಕ್ಕಾ ಹಾಕಬೇಕ್ರಿ ಅಜ್ಜಾರ, ದುಡೀತೈತಿ. ನಾಯಿಗೆ ಯಾರು ಸೂಜಿ ಮಾಡಸ್ತಾರ್ರಿ?" ಎಂದರು. ಕೂಡಿದವರೆಲ್ಲ ನಕ್ಕರು. ನಮಗೆ ನಗೆ ಬರಲಿಲ್ಲ. ಇದೇ ಮಾತನ್ನು, ಇದಕ್ಕಿಂತ ನಯವಾದ ಭಾಷೆಯಲ್ಲಿ, 2009ರಲ್ಲಿ ನಾವೇ ಆಡಿದ್ದೆವು.

ಆಗ ನಮ್ಮ ಪ್ರಸಾದ ನಿಲಯದ ಬಾಗಿಲಲ್ಲಿ ಕೆಂಚು ಬಣ್ಣದ ನಾಯಿಯೊಂದಿತ್ತು. ವಿದ್ಯಾರ್ಥಿಗಳು ಉಳಿಸಿದ ರೊಟ್ಟಿಯೇ ಅದಕ್ಕೆ ಆಹಾರ. ಅದಕ್ಕೊಂದು ಲಸಿಕೆ ಹಾಕಿಸೋಣವೆಂದು ಮಠದ ಲೆಕ್ಕ ಬರೆಯುವವರು ಕೇಳಿದಾಗ, ದಾಸೋಹದ ಹಣ ದಾಸೋಹಕ್ಕೇ ಸಲ್ಲಲಿ ಎಂದು ನಾವು ಹೇಳಿದೆವು. ಮಿತವ್ಯಯವೆಂದೇ ನಂಬಿದ್ದೆವು. ಕೆಲವು ತಿಂಗಳ ನಂತರ ಆ ನಾಯಿ ರೊಟ್ಟಿ ಮುಟ್ಟದಾಯಿತು. ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯತೊಡಗಿತು. ಗಂಟಲಲ್ಲಿ ಎಲುಬು ಸಿಕ್ಕಿರಬೇಕೆಂದು ಅಡುಗೆಯವರು ಬಾಯೊಳಗೆ ಕೈ ಹಾಕಿ ಹುಡುಕಿದರು. ಇಬ್ಬರು ಬಾಲಕರು ತಲೆಯನ್ನು ಹಿಡಿದುಕೊಂಡಿದ್ದರು. ಮೂರನೆಯ ದಿನ ನಾಯಿ ಸತ್ತಿತು.

ಅದು ಹುಚ್ಚುನಾಯಿ ರೋಗವೆಂದು ಪಶುವೈದ್ಯರು ಹೇಳಿದಾಗ ನಾವು ಮೊದಲು ನಂಬಲಿಲ್ಲ. ಅದು ಯಾರನ್ನೂ ಅಟ್ಟಿ ಕಚ್ಚಿರಲಿಲ್ಲವಲ್ಲ! ರೋಗ ತಗುಲಿದ ನಾಯಿಗಳೆಲ್ಲ ಕೆರಳುವುದಿಲ್ಲ. ಕೆಲವು ಮೂಲೆ ಸೇರಿ ದವಡೆ ಜೋತುಹಾಕಿ ಸುಮ್ಮನೆ ಕೂರುತ್ತವೆ, ಜೊಲ್ಲಿನಲ್ಲಿ ಮಾತ್ರ ವಿಷವಿರುತ್ತದೆ ಎಂದು ಅವರೇ ತಿಳಿಸಿದರು. ಮಠದಲ್ಲಿ ಶಾಸ್ತ್ರವನ್ನೂ ವಿಶ್ವವಿದ್ಯಾಲಯದಲ್ಲಿ ತರ್ಕವನ್ನೂ ಓದಿದ ನಮಗೆ ಇಷ್ಟು ತಿಳಿದಿರಲಿಲ್ಲ.

ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ. ಅದಕ್ಕೆ ಮುಂಚೆ ಮಾತ್ರ ಉಪಾಯವುಂಟು. 1885ರಲ್ಲಿ ಲೂಯಿ ಪಾಶ್ಚರರು ಬಾಲಕನೊಬ್ಬನನ್ನು ಉಳಿಸಿದ್ದು ಹಾಗೆಯೇ. ಹಿಂದೆ ಹೊಟ್ಟೆಗೆ ಚುಚ್ಚುತ್ತಿದ್ದ 14 ಸೂಜಿಗಳನ್ನು ನಮ್ಮ ಹಿರಿಯ ಓದುಗರು ಮರೆತಿರಲಾರರು. ನಮ್ಮವರಿಗೆ ತೋಳಿನಲ್ಲಿ ಐದೇ ಆದವು: ಮೊದಲ ದಿನ, ಬಳಿಕ 3, 7, 14 ಮತ್ತು 28ನೆಯ ದಿನ. ಸರಕಾರಿ ಆಸ್ಪತ್ರೆಯಲ್ಲಿ ಸೂಜಿಗೆ ಹಣ ಬೀಳಲಿಲ್ಲ. ಆದರೆ ಮೂವರನ್ನು ಐದು ಸಲ ಕೊಪ್ಪಳಕ್ಕೆ ಕರೆದೊಯ್ದ ಖರ್ಚೇ ನಾವು ಉಳಿಸಿದ್ದರ ಹಲವು ಪಟ್ಟಾಯಿತು. ಅದಾದರೂ ಲೆಕ್ಕಕ್ಕೆ ಸಿಕ್ಕುವ ಮಾತು. ಒಬ್ಬ ಬಾಲಕನ ತಾಯಿ ಬಂದು, ನಮ್ಮನ್ನು ಏನೂ ಕೇಳದೆ, ಮಗನ ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡುತ್ತ ಬಹಳ ಹೊತ್ತು ನಿಂತಿದ್ದಳು. ಆ ತಿಂಗಳು ನಮಗೆ ಶಿವಪೂಜೆಯಲ್ಲಿಯೂ ಮನಸ್ಸು ನಿಲ್ಲಲಿಲ್ಲ. ಮೂವರೂ ಇಂದು ಕುಶಲದಿಂದಿದ್ದಾರೆ. ಈ ಸಾಲುಗಳನ್ನು ಓದುತ್ತಲೂ ಇರಬಹುದು.

ಇದನ್ನೆಲ್ಲ ಆ ಹಿರಿಯರಿಗೆ ಹೇಳಿದೆವು. ಹಣ ಉಳಿಸುವ ದಾರಿ ಬೇರೆಯೇ ಇದೆ. ದನಗಳಿಗೆ ಕಾಲುಬಾಯಿ ಬೇನೆಯ ಲಸಿಕೆಯನ್ನು ಸರಕಾರದವರು ಉಚಿತವಾಗಿ ಹಾಕುತ್ತಾರೆ. ಅವರು ಊರಿಗೆ ಬಂದ ದಿನ ದನಗಳನ್ನು ಅಡವಿಗೆ ಹೊಡೆಯದಿದ್ದರೆ ಸಾಕು. 1962 ಎಂಬ ಸಂಖ್ಯೆಗೆ ಫೋನು ಮಾಡಿದರೆ ಪಶುವೈದ್ಯರ ವಾಹನ ದೊರೆಯುತ್ತದೆ. ಮನುಷ್ಯರ ನೋವಿನ ಗುಳಿಗೆಯನ್ನು ನಾಯಿ-ಬೆಕ್ಕುಗಳಿಗೆ ನುಂಗಿಸುವುದು ಉಳಿತಾಯವಲ್ಲ. ಪ್ಯಾರಾಸಿಟಮಾಲ್ ಒಂದೇ ಗುಳಿಗೆ ಬೆಕ್ಕನ್ನು ಕೊಂದೀತು. ನಾಯಿಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ಸುಮಾರು ತಿಂಗಳಲ್ಲಿ ಮತ್ತೊಂದು, ಆಮೇಲೆ ವರ್ಷಕ್ಕೊಂದು. ಸೆಪ್ಟೆಂಬರ್ 28, ವಿಶ್ವ ರೇಬೀಸ್ ದಿನದಂದು, ಅನೇಕ ಕಡೆ ಇದನ್ನೂ ಉಚಿತವಾಗಿ ಹಾಕುವುದುಂಟು. ಕೊಂಡು ಹಾಕಿಸುವುದಾದರೆ ಹತ್ತು ನಾಯಿಗಳಿಗಾಗುವ ದೊಡ್ಡ ಸೀಸೆ ಸಿಕ್ಕುತ್ತದೆ, ತಲೆಗೆ ಬೀಳುವ ಖರ್ಚು ಕಡಿಮೆ. ಆದರೆ ಒಡೆದ ಸೀಸೆಯನ್ನು ಅದೇ ದಿನ ಮುಗಿಸಬೇಕು. ಇಷ್ಟಾಗಿಯೂ ನಾಯಿ ಕಚ್ಚಿದರೆ ಸುಣ್ಣ, ಖಾರ ಹಚ್ಚದೆ, ಗಾಯವನ್ನು ಸಾಬೂನು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಹಿರಿಯರು ನಗಲಿಲ್ಲ. "ಹತ್ತು ನಾಯಿ ಕೂಡಬೇಕೇನ್ರಿ?" ಎಂದು ಬೆರಳೆಣಿಸಿದರು. ಮುಂದಿನ ವಾರ ಹೇಳಿಕಳಿಸಿದರು: ಕುರಿಹಟ್ಟಿಯವು, ಓಣಿಯವು ಸೇರಿ ಒಂಬತ್ತಾಗಿವೆ, ಒಂದು ಕಡಿಮೆ ಬಿದ್ದಿದೆ. ನಮ್ಮ ಮಠದ ಈಗಿನ ನಾಯಿಯ ವರ್ಷದ ಸರದಿಯೂ ಅದೇ ತಿಂಗಳಿತ್ತು. ಅದನ್ನು ಜೀಪಿನಲ್ಲಿ ಕೂರಿಸಿ ಇರಕಲ್ಲಗಡಕ್ಕೆ ಕಳಿಸಿಕೊಟ್ಟೆವು.